ಬೂದು ಬಣ್ಣದ ಜಾಗ

ರಾಕೆಟ್ ಹೊಡೆದುರುಳಿಸುವ ಆ ಲಾರಿಗೆ ಮೇಲಿನವರು ಇಟ್ಟ ಹೆಸರು ಒಂದೂವರೆ ಸಾಲು ಉದ್ದ ಇತ್ತು. ಡ್ರೈವರ್ ಮಾತ್ರ ಅದನ್ನು ಎಮ್ಮೆ ಅಂತಲೇ ಕರೆಯುತ್ತಿದ್ದ. ಕಪ್ಪಗೆ, ಅಗಲಕ್ಕೆ, ಏರು ಬಂದರೆ ಏದುಸಿರು ಬಿಡುತ್ತಾ, ಕೆಸರು ಕಂಡರೆ ಅಲ್ಲೇ ಕೂತುಬಿಡುವ ಗಾಡಿಯನ್ನು ಇನ್ನೇನಂತ ಕರೆಯಬೇಕು? ಅದರ ಬೆನ್ನ ಮೇಲೆ ಇಪ್ಪತ್ತು ಕೊಳವೆ, ಕೊಳವೆಗೊಂದು ಕ್ಷಿಪಣಿ. ಗುಡ್ಡದ ಆ ಕಡೆಯವರು ರಾಕೆಟ್ ಬಿಟ್ಟರೆ ಅದು ಊರಿನ ಮೇಲೆ ಬೀಳುವ ಮೊದಲೇ ಆಕಾಶದಲ್ಲಿ ಅದನ್ನು ಒಡೆಯುವುದು ಈ ಕ್ಷಿಪಣಿಗಳ ಕೆಲಸ. ಎಮ್ಮೆಯ ಹಿಂದೆ ಒಂದು ವ್ಯಾನು, ವ್ಯಾನಿನೊಳಗೆ ಒಂದು ಪರದೆ, ಪರದೆಯ ಮುಂದೆ ಕನ್ನಡಕದ ಹುಡುಗಿ. ಇವರೆಲ್ಲರ ಮೇಲೆ ಒಬ್ಬ ಸಾಹೇಬ.

ಸಾಹೇಬನ ಮಾತು ಬಂದರೆ ಡ್ರೈವರಿನ ಮುಖ ಹಲ್ಲುನೋವು ಬಂದವರ ಮುಖದ ಹಾಗಾಗುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮುರಿಯದ ಬಟ್ಟೆಯಲ್ಲಿ ಜೀಪಿನಿಂದ ಇಳಿಯುವುದು, ಬೂಟಿಗೆ ಧೂಳು ತಾಗೀತೆಂದು ಕೊಕ್ಕರೆ ಹಾಗೆ ಕಾಲೆತ್ತಿ ಎತ್ತಿ ನಡೆಯುವುದು, ವ್ಯಾನಿನ ಬಾಗಿಲಲ್ಲೇ ನಿಂತು "ಎಷ್ಟು?" ಅಂತ ಕೇಳುವುದು. ಹುಡುಗಿ "ನೂರಕ್ಕೆ ನೂರು ಸಾರ್" ಅನ್ನಬೇಕು. ಅನ್ನುತ್ತಿದ್ದಳು, ಪಾಪ. ಅದನ್ನೇ ಮೇಲಿನವರಿಗೆ ಫೋನಿನಲ್ಲಿ ಒದರಿ ಆ ಮಹಾನುಭಾವ ಸೀದಾ ಕ್ಲಬ್ಬಿಗೆ ಹೋಗುತ್ತಿದ್ದ. ಎರಡು ವರ್ಷದಲ್ಲಿ ಒಂದು ದಿನವಾದರೂ ಎಮ್ಮೆಯ ಟೈರಿನಲ್ಲಿ ಗಾಳಿ ಇದೆಯಾ ಅಂತ ಕೇಳಿದವನಲ್ಲ. ಡ್ರೈವರ್ ಅನ್ನುವ ಪ್ರಾಣಿಗೆ ಬಾಯಿ ಇದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲವೋ ಏನೋ. ಸಿಬ್ಬಂದಿಯೆಲ್ಲ ಸೇರಿ ಅವನಿಗೆ 'ನೂರಕ್ಕೆ ನೂರು' ಅಂತಲೇ ಹೆಸರಿಟ್ಟಿದ್ದರು.

ಈ ನೂರರ ಗುಟ್ಟನ್ನೂ ಕೇಳಿ. ಪರದೆಯ ಮೇಲೆ ಇಡೀ ಜಿಲ್ಲೆಯ ನಕ್ಷೆ ಇದೆ. ಅದರಲ್ಲಿ ಕೆಲವು ಜಾಗ ಕೆಂಪು, ಮಿಕ್ಕಿದ್ದೆಲ್ಲ ಬೂದು. ಗುಡ್ಡದಾಚೆ ರಾಕೆಟ್ ಹಾರಿದ ಮೂರೇ ಸೆಕೆಂಡಿನಲ್ಲಿ ಅದು ಎಲ್ಲಿ ಬೀಳುತ್ತದೆ ಅಂತ ಯಂತ್ರ ಹೇಳಿಬಿಡುತ್ತದೆ. ಕೆಂಪಿನಲ್ಲಿ ಬೀಳುವ ಹಾಗಿದ್ದರೆ ಕೊಳವೆ ತೆರೆದು ಕ್ಷಿಪಣಿ ಹೋಗುತ್ತದೆ. ಬೂದಿನಲ್ಲಿ ಬೀಳುವ ಹಾಗಿದ್ದರೆ ಯಂತ್ರ ಸುಮ್ಮನಿರುತ್ತದೆ, ಯಾಕೆಂದರೆ ಬಂಜರಿಗೆಲ್ಲ ಕ್ಷಿಪಣಿ ಸುರಿಯುತ್ತಾ ಕೂತರೆ ಊರಿಗೆ ಉಳಿಯುವುದಿಲ್ಲ. ಅಲ್ಲಿಯವರೆಗೆ ಸರಿಯೇ. ಆದರೆ ಯಾವುದಕ್ಕೆ ಕೆಂಪು, ಯಾವುದಕ್ಕೆ ಬೂದು ಅಂತ ತೀರ್ಮಾನಿಸುವವನು ಯಾರು? ನಮ್ಮ ನೂರಕ್ಕೆ ನೂರು. ಕ್ಲಬ್ಬಿನ ಟೆನಿಸ್ ಅಂಗಳ ಕೆಂಪು, ಯಾಕೆಂದರೆ ಅಲ್ಲಿ ನಾಲ್ಕು ಜನ ದೊಡ್ಡವರು ಸಂಜೆ ಹೊತ್ತು ಚೆಂಡು ಬಡಿಯುತ್ತಾರೆ. ಬೂದಿನಲ್ಲಿ ಬಿದ್ದ ರಾಕೆಟ್ಟು ವರದಿಯಲ್ಲಿ ಬರುವುದೇ ಇಲ್ಲ, ಅದು ಬಿದ್ದೇ ಇಲ್ಲ ಅಂತ ಅರ್ಥ. ತಾನೇ ಪ್ರಶ್ನೆ ಬರೆದು, ತಾನೇ ಉತ್ತರ ಬರೆದು, ತಾನೇ ಅಂಕ ಹಾಕಿಕೊಂಡವನಿಗೆ ನೂರು ಬರದೆ ಇನ್ನೆಷ್ಟು ಬರುತ್ತೆ ಅಂತ ಡ್ರೈವರ್ ಟೀ ಅಂಗಡಿಯಲ್ಲಿ ಎಲ್ಲರೆದುರೂ ಆಡಿಕೊಳ್ಳುತ್ತಿದ್ದ.

ಆಡಿಕೊಳ್ಳುವುದು ಬಿಟ್ಟು ಹೊಟ್ಟೆ ಉರಿದುಕೊಳ್ಳುವ ಕಾಲ ಬಂದದ್ದು ಅಕ್ಕ ಬೂದು ಜಾಗಕ್ಕೆ ಹೋಗಿ ಸೇರಿದ ಮೇಲೆ. ತಾಯಿ ಸತ್ತಾಗ ಅವನಿಗೆ ಐದು ವರ್ಷ, ಅಕ್ಕನಿಗೆ ಹದಿನಾಲ್ಕು. ಅಂದಿನಿಂದ ಅವನಿಗೆ ಬೈದವಳೂ ಅವಳೇ, ಉಣ್ಣಿಸಿದವಳೂ ಅವಳೇ. ಹೋದ ವರ್ಷ ಎಮ್ಮೆ ರಿಪೇರಿಗೆ ಹೋಗಿದ್ದ ವಾರ ಅವಳಿದ್ದ ಬೀದಿಯ ಮೇಲೆ ರಾಕೆಟ್ ಬಿದ್ದು ಭಾವನ ಎರಡೂ ಕಾಲು ಗೋಡೆಯ ಕೆಳಗೆ ಜಜ್ಜಿಹೋದವು. ಹಾಸಿಗೆ ಹಿಡಿದವನನ್ನು ಕಟ್ಟಿಕೊಂಡು ಮೆಟ್ಟಿಲು ಹತ್ತುವ ಮನೆ ಆಗುವುದಿಲ್ಲ, ನೆಲದ ಮನೆ ಯಾರೂ ಕೊಡಲಿಲ್ಲ. ಡ್ರೈವರಿಗೆ ಇದ್ದದ್ದು ಸಿಬ್ಬಂದಿ ಕೊಠಡಿಯಲ್ಲಿ ಒಂದು ಮಂಚ, ಅಲ್ಲಿಗೆ ಮನೆಯವರನ್ನು ಕರೆತರುವ ಹಾಗಿಲ್ಲ. ಕೊನೆಗೆ ಅಕ್ಕ ಊರಾಚೆ ನಿಂತುಹೋದ ಇಟ್ಟಿಗೆ ಗೂಡಿನ ಬಯಲಿಗೆ ಹೋದಳು. ಅವಳ ಹಾಗೇ ಮನೆ ಕಳೆದುಕೊಂಡವರು ಅಲ್ಲಿ ಉಳಿದ ಇಟ್ಟಿಗೆ ಪೇರಿಸಿ, ಮೇಲೆ ತಗಡು ಹಾಕಿ, ಇನ್ನೂರು ಮನೆ ಕಟ್ಟಿಕೊಂಡಿದ್ದರು. ನಕ್ಷೆಯಲ್ಲಿ ಮಾತ್ರ ಅದು ಪಾಳುಬಿದ್ದ ಬಯಲು, ಬೂದು.

ಡ್ರೈವರ್ ಮೂರು ತಿಂಗಳು ಅಲೆದ. ಮೊದಲು ಕನ್ನಡಕದ ಹುಡುಗಿಯನ್ನು ಕೇಳಿದ. ಅವಳು ಇವನನ್ನು ಅಣ್ಣಾ ಅಂತ ಕರೆಯುವವಳು, ಒಳ್ಳೆಯ ಹುಡುಗಿ. "ನಂಗೆ ಬಣ್ಣ ಹಾಕೋಕೆ ಒಂದು ನಿಮಿಷ ಸಾಕು ಅಣ್ಣಾ. ಸಾಹೇಬ್ರ ಸಹಿ ಬೇಕಲ್ಲ," ಅಂದಳು. ಅವಳ ಕೈಲೇ ಕೇಳಿಸಿದರೆ ಸಾಹೇಬ ಪುರಸಭೆಯಿಂದ ಕಾಗದ ತರಿಸು ಅಂದ. ಪುರಸಭೆಯ ಗುಮಾಸ್ತ ಬಿಸ್ಕತ್ತು ಅದ್ದಿಕೊಂಡು ಟೀ ಕುಡಿಯುತ್ತಾ, "ನಂಬರ್ ಇಲ್ಲದ್ದು ಮನೆ ಅಲ್ಲ ಕಣ್ರೀ," ಅಂದ.

"ಒಳಗೆ ಜನ ಇದಾರಲ್ಲ ಸ್ವಾಮಿ?"

"ಇರಬಹುದು. ನಾನು ಹೇಳ್ತಿರೋದು ಮನೆ ವಿಷಯ."

ಅವನ ಬಿಸ್ಕತ್ತು ಟೀಯೊಳಗೆ ಮುರಿದುಬಿತ್ತು. ಅದನ್ನು ಚಮಚದಲ್ಲಿ ಎತ್ತುವುದಕ್ಕೆ ಅವನು ಪಟ್ಟ ಶ್ರಮವನ್ನು ಈ ಅರ್ಜಿಗೆ ಪಟ್ಟಿದ್ದರೆ ಅಂದೇ ಕೆಲಸ ಆಗುತ್ತಿತ್ತು. ಡ್ರೈವರ್ ವಾಪಸ್ ಬಂದು, ನಾಚಿಕೆ ಬಿಟ್ಟು, ಸಾಹೇಬ ಜೀಪು ಹತ್ತುವಾಗ ಅಡ್ಡ ನಿಂತು ತಾನೇ ಕೇಳಿದ.

"ಅದು ಖಾಲಿ ಜಾಗ," ಅಂದ ಸಾಹೇಬ, ಇವನ ಭುಜದಾಚೆ ಎಲ್ಲಿಗೋ ನೋಡುತ್ತಾ.

"ನಮ್ಮಕ್ಕ ಇದಾಳೆ ಸಾರ್ ಅಲ್ಲಿ. ನಮ್ಮ ಭಾವ ಎದ್ದು ಓಡೋ ಹಾಗೂ ಇಲ್ಲ."

"ಖಾಲಿ ಜಾಗದಲ್ಲಿ ಯಾಕೆ ಹೋಗಿ ಕೂತಳು?" ಅಂದವನೇ ಕರಿ ಕನ್ನಡಕ ಏರಿಸಿಕೊಂಡು ಹೊರಟುಹೋದ.

ಮುಂದಿನ ವಾರವೇ ಒಂದು ರಾಕೆಟ್ ಇಟ್ಟಿಗೆ ಗೂಡಿನ ಮಣ್ಣಿನ ಗುಂಡಿಗೆ ಬಿತ್ತು. ಯಂತ್ರ ಮಿಸುಕಾಡಲಿಲ್ಲ. ಅಕ್ಕನ ಮನೆಯ ಬಾಗಿಲು ಕಿತ್ತು ಭಾವನ ಹಾಸಿಗೆಯ ಪಕ್ಕಕ್ಕೆ ಬಿತ್ತು, ಒಂದು ಮೊಳ ಆಚೀಚೆ ಆಗಿದ್ದರೆ ಅವನ ತಲೆಯ ಮೇಲೆ. ಮಾರನೆಯ ಬೆಳಿಗ್ಗೆ ಸಾಹೇಬ ಬಂದು "ಎಷ್ಟು?" ಅಂದ, ಹುಡುಗಿ ತಲೆ ತಗ್ಗಿಸಿ ನೂರಕ್ಕೆ ನೂರು ಅಂದಳು. ಡ್ರೈವರಿಗೆ ಮೈಯೆಲ್ಲ ಉರಿದುಹೋಯಿತು. ಥೂ, ಇಂಥವನ ಕೈಕೆಳಗೆ ಹೊಟ್ಟೆ ಹೊರೆಯುತ್ತಿದ್ದೇನಲ್ಲ ಅಂತ ತನ್ನ ಜನ್ಮಕ್ಕೇ ಉಗಿದುಕೊಂಡ.

ಆಗ ಅವನಿಗೆ ಹೊಳೆದದ್ದು ಡ್ರೈವರಿಗಷ್ಟೇ ಹೊಳೆಯುವಂಥ ಉಪಾಯ. ಎಮ್ಮೆ ಎಲ್ಲಿ ನಿಲ್ಲುತ್ತದೋ, ನಿಂತಷ್ಟು ಹೊತ್ತು ಅದರ ಸುತ್ತ ಅರ್ಧ ಕಿಲೋಮೀಟರ್ ತಾನಾಗಿಯೇ ಕೆಂಪಾಗುತ್ತದೆ. ಯಂತ್ರ ಮೊದಲು ತನ್ನನ್ನು ತಾನು ಕಾಪಾಡಿಕೊಳ್ಳಬೇಕಲ್ಲ, ಅದಕ್ಕೆ ಯಾವ ಸಾಹೇಬನ ಸಹಿಯೂ ಬೇಡ. ಜೊತೆಗೆ ಇನ್ನೊಂದು ನಿಯಮ: ದಾರಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಬೇಕಾಗಿ ಬಂದರೆ ಕೊಳವೆ ಎತ್ತಿ ಸಿದ್ಧವಾಗಿರಬೇಕು. ಎಮ್ಮೆ ಎಲ್ಲಿ ನಿಲ್ಲಬೇಕು ಅಂತ ಹೇಳುವವನು ಸಾಹೇಬನೇ ಇರಬಹುದು. ಎಲ್ಲಿ ಕೆಟ್ಟು ನಿಲ್ಲಬೇಕು ಅನ್ನುವುದು ಡ್ರೈವರಿನ ಕೈಯಲ್ಲಿತ್ತು.

ಅವಕಾಶವನ್ನು ಸಾಹೇಬನೇ ತಟ್ಟೆಯಲ್ಲಿಟ್ಟು ಕೊಟ್ಟ. ಮಂತ್ರಿ ಬರುತ್ತಾರೆ, ಅವರ ಕಣ್ಣಿಗೆ ಬೀಳುವ ಹಾಗೆ ಎಮ್ಮೆಯನ್ನು ತಂದು ಊರಿನ ದೊಡ್ಡ ಸರ್ಕಲ್ಲಿನಲ್ಲಿ ನಿಲ್ಲಿಸಿ ಅಂತ ಅಪ್ಪಣೆಯಾಯಿತು. ಸರ್ಕಲ್ಲಿನಲ್ಲಿ ನಿಂತರೆ ಸುತ್ತಲಿನ ಕಟ್ಟಡ ಅಡ್ಡ ಬಂದು ರೇಡಾರಿಗೆ ಅರ್ಧ ಆಕಾಶ ಕಾಣುವುದಿಲ್ಲ ಅಂತ ಹುಡುಗಿ ಮೆಲ್ಲಗೆ ಹೇಳಿದಳು. "ಮಂತ್ರಿಗೆ ಕಂಡರೆ ಸಾಕು," ಅಂದ ಸಾಹೇಬ. ಮಾತು ಎಷ್ಟು ಚೆನ್ನಾಗಿದೆ ನೋಡಿ, ಕಲ್ಲಿನ ಮೇಲೆ ಕೆತ್ತಿಸಿಡಬೇಕು. ಮಧ್ಯಾಹ್ನ ಹೊರಟ ಡ್ರೈವರ್ ಮುಖ್ಯ ರಸ್ತೆಯ ಸೇತುವೆ ಇಷ್ಟು ಭಾರ ತಡೆಯುವುದಿಲ್ಲ ಅಂತ ನೆಪ ಹೇಳಿ ಇಟ್ಟಿಗೆ ಗೂಡಿನ ದಾರಿ ಹಿಡಿದ. ಹೊರಡುವ ಮೊದಲೇ ಡೀಸೆಲ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿದ್ದ. ಪೈಪಿನೊಳಗೆ ಗಾಳಿ ಹೊಕ್ಕರೆ ಎಂಥ ಇಂಜಿನ್ನಾದರೂ ನಿಲ್ಲಲೇಬೇಕು. ಎಮ್ಮೆ ನಾಲ್ಕು ಸಲ ಕೆಮ್ಮಿ, ಅಕ್ಕನ ಮನೆಯಿಂದ ಐವತ್ತು ಹೆಜ್ಜೆ ದೂರದಲ್ಲಿ ನಿಂತುಕೊಂಡಿತು.

ವ್ಯಾನಿನಿಂದ ಹುಡುಗಿ ಇಳಿದು ಬಂದಳು. ಒಮ್ಮೆ ಎಮ್ಮೆಯನ್ನು ನೋಡಿದಳು, ಒಮ್ಮೆ ಸಾಲು ಮನೆಗಳನ್ನು ನೋಡಿದಳು, ಆಮೇಲೆ ಇವನ ಮುಖ ನೋಡಿದಳು.

"ರಿಪೇರಿಗೆ ಎಷ್ಟೊತ್ತಾಗುತ್ತೆ ಅಣ್ಣಾ?"

"ಅರ್ಧ ಗಂಟೆ ಮೇಲಾಗುತ್ತಮ್ಮ. ಖಂಡಿತ ಆಗುತ್ತೆ."

"ಹಾಗಾದ್ರೆ ಕೊಳವೆ ಎತ್ತಬೇಕು, ನಿಯಮ ಇದೆಯಲ್ಲ," ಅಂದು ಅವಳು ನಗು ತಡೆದುಕೊಂಡು ವ್ಯಾನಿಗೆ ಹೋದಳು.

ಅಷ್ಟರಲ್ಲಿ ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟಳು. "ಎಲ್ಲಾ ಬಿಟ್ಟು ಇಲ್ಲೇ ತಂದು ನಿಲ್ಲಿಸ್ಬೇಕಾ ಈ ದರಿದ್ರಾನ? ಇದನ್ನೇ ಹುಡುಕ್ಕೊಂಡು ರಾಕೆಟ್ ಬರುತ್ತೆ ಅಂತ ಜನ ನಂಗೆ ಉಗೀತಿದಾರೆ ಕಣೋ. ತಮ್ಮ ಅಂತೆ ತಮ್ಮ!"

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಒಂದು ದಿನ ಸುಮ್ನಿರು."

"ನೀನು ಹುಟ್ಟಿದಾಗಿಂದ ಸುಮ್ನೇ ಇದೀನಲ್ಲಪ್ಪಾ ನಾನು!" ಅಂದಳು ಅಕ್ಕ. ಹುಟ್ಟಿದಾಗಿನಿಂದ ಅವಳು ಒಂದು ಗಳಿಗೆಯೂ ಸುಮ್ಮನಿದ್ದದ್ದಿಲ್ಲ. ಬೈಯುತ್ತಲೇ ಹೋಗಿ, ಇವನಿಗೊಂದು, ಹುಡುಗಿಗೊಂದು ಲೋಟ ಟೀ ತಂದಿಟ್ಟಳು.

ಟೀ ಕುಡಿದ ಲೋಟ ಇನ್ನೂ ಬಿಸಿಯಾಗಿತ್ತು, ಸೈರನ್ ಕೂಗಿತು. ಐದು ರಾಕೆಟ್. ಮೂರು ಗುಡ್ಡದ ಬುಡಕ್ಕೆ, ಎರಡು ನೇರ ಇಟ್ಟಿಗೆ ಗೂಡಿಗೆ. ಡ್ರೈವರ್ ಭಾವನ ಹಾಸಿಗೆಯ ಕಡೆ ಓಡಿದ, ಅವನನ್ನು ಎತ್ತಲಾಗದೆ ಅವನ ಮೇಲೆಯೇ ಕವುಚಿಕೊಂಡ. ಹೊರಗೆ ಎಮ್ಮೆ ಎರಡು ಸಲ ಗುಡುಗಿತು, ಮನೆಯ ತಗಡೆಲ್ಲ ಅದುರಿತು. ಮೇಲೆಲ್ಲೋ ಎರಡು ಪಟಾರ್ ಶಬ್ದ. ಅಷ್ಟೇ. ಹೊರಗೆ ಬಂದು ನೋಡಿದರೆ ಆಕಾಶದಲ್ಲಿ ಎರಡು ಹೊಗೆಯ ಉಂಡೆ, ಕೆಳಗೆ ಇನ್ನೂರು ಮನೆಯೂ ಹಾಗೇ ನಿಂತಿದ್ದವು. ಅಕ್ಕ ಅವನ ಬೆನ್ನಿಗೊಂದು ಗುದ್ದು ಕೊಟ್ಟು ಅಳುವುದಕ್ಕೆ ಶುರು ಮಾಡಿದಳು, ಅವನೂ ಅತ್ತ.

ಸಾಹೇಬನ ಜೀಪು ಧೂಳೆಬ್ಬಿಸಿಕೊಂಡು ಬಂತು. ಇಳಿಯುವಾಗಲೇ, "ಯಾವನೋ ಅವನು ಗಾಡಿ ಇಲ್ಲಿಗೆ ತಂದವನು? ಕೆಲಸದಿಂದ ಕಿತ್ತು ಬಿಸಾಕ್ತೀನಿ!" ಅಂತ ಅರಚಿದ. "ಏರ್ ಹಿಡ್ಕೊಂಡಿದೆ ಸಾರ್ ಪೈಪಲ್ಲಿ," ಅಂತ ಡ್ರೈವರ್ ಅನ್ನುವುದಕ್ಕೂ ಹಿಂದೆಯೇ ಮಂತ್ರಿಗೆಂದು ಊರಿಗೆ ಬಂದಿದ್ದ ಟಿ.ವಿಯವರ ಕಾರು ಬರುವುದಕ್ಕೂ ಸರಿಹೋಯಿತು. ಕ್ಯಾಮರಾ ಕಂಡದ್ದೇ ತಡ, ಸಾಹೇಬನ ಮುಖದ ಮೇಲಿನ ಸಿಟ್ಟು ಎಲ್ಲಿ ಹೋಯಿತೋ! ಕಾಲರ್ ಸರಿಮಾಡಿಕೊಂಡ, ಎಮ್ಮೆಯ ಮೈ ಮೇಲೆ ಕೈಯಿಟ್ಟ, ಎರಡು ವರ್ಷದಲ್ಲಿ ಮೊದಲ ಸಲ. "ಈ ಇನ್ನೂರು ಬಡ ಕುಟುಂಬಗಳ ಚಿಂತೆಯಲ್ಲಿ ನನಗೆ ನಿದ್ದೆ ಇರಲಿಲ್ಲ. ಅದಕ್ಕೇ ಗಾಡಿಯನ್ನು ನಾನೇ ಇಲ್ಲಿಗೆ ತರಿಸಿದೆ," ಅಂದ. ಪಕ್ಕದಲ್ಲಿ ಅಕ್ಕನನ್ನು ನಿಲ್ಲಿಸಿಕೊಂಡು ಫೋಟೋ ಬೇರೆ ತೆಗೆಸಿಕೊಂಡ. ನಾಚಿಕೆ ಅನ್ನುವುದನ್ನು ಅವನು ಬಟ್ಟೆಯ ಜೊತೆ ಇಸ್ತ್ರಿಗೆ ಕೊಟ್ಟಿರಬೇಕು.

ಟಿ.ವಿಯವರು ಹೋದ ಮೇಲೆ ಹುಡುಗಿ ವ್ಯಾನಿನಿಂದ ತಲೆ ಹಾಕಿ, "ಸಾರ್, ವರದಿ ಹೋಗ್ತಿಲ್ಲ. ನಕ್ಷೆಯಲ್ಲಿ ಇದು ಖಾಲಿ ಜಾಗ. ಖಾಲಿ ಜಾಗಕ್ಕೆ ಗಾಡಿ ಯಾಕೆ ತಂದ್ರಿ, ಎರಡು ಕ್ಷಿಪಣಿ ಯಾಕೆ ಬಿಟ್ರಿ ಅಂತ ಮೇಲಿನವರು ಕೇಳ್ತಾರೆ. ಗಾಡಿ ಕೆಟ್ಟು ನಿಂತಿತ್ತು ಅಂತ ಬರೀಲಾ?" ಅಂದಳು. ಎಷ್ಟು ಅಮಾಯಕವಾಗಿ ಕೇಳಿದಳೆಂದರೆ ಡ್ರೈವರಿಗೆ ಅವಳನ್ನು ಎತ್ತಿ ಕುಣಿಸಬೇಕು ಅನ್ನಿಸಿತು.

"ತಲೆ ಕೆಟ್ಟಿದೆಯಾ? ನಾನೇ ತರಿಸಿದೆ ಅಂತ ಊರಿಗೆಲ್ಲ ಹೇಳಿಯಾಗಿದೆ. ಕೆಂಪು ಮಾಡು ಇದನ್ನ. ಈಗಲೇ ಮಾಡು!"

ಮೂರು ತಿಂಗಳು ಆಗದ ಕೆಲಸ ಮೂರು ಮಾತಿನಲ್ಲಿ ಆಗಿಹೋಯಿತು. ಡ್ರೈವರ್ ವ್ಯಾನಿನ ಬಾಗಿಲಿಗೆ ಒರಗಿಕೊಂಡು, ಒಳಗೊಳಗೇ ಬೀಗುತ್ತಾ, ಈ ಮೂರ್ಖನನ್ನು ಹೀಗೆ ಕುಣಿಸಬೇಕಿತ್ತು ನೋಡು ಅಂದುಕೊಂಡ. ಆದರೆ ಹುಡುಗಿಯ ಕೈ ಪರದೆಯ ಮುಂದೆ ತಡೆದು ನಿಂತಿತು.

"ತಗೊಳ್ತಿಲ್ಲ ಸಾರ್. ಇಪ್ಪತ್ತು ಕೊಳವೆಯ ಗಾಡಿಗೆ ಹನ್ನೆರಡೇ ಕೆಂಪು ಜಾಗ ಅಂತ ಲೆಕ್ಕ. ಇದು ಹದಿಮೂರನೇದು. ಒಂದನ್ನ ತೆಗೀಬೇಕು." ಪರದೆಯಿಂದ ಕಣ್ಣೆತ್ತದೆ ಕೇಳಿದಳು, "ಕ್ಲಬ್ ತೆಗೀಲಾ ಸಾರ್?"

ಸಾಹೇಬ ಅವಳನ್ನು ಒಂದು ನೋಟ ನೋಡಿದ. ಅವನ ಬೆರಳು ನಕ್ಷೆಯ ಮೇಲೆ ಆಸ್ಪತ್ರೆ ದಾಟಿತು, ನೀರಿನ ಟ್ಯಾಂಕು ದಾಟಿತು, ಒಂದು ಮೂಲೆಗೆ ಹೋಗಿ ನಿಂತಿತು.

"ಇದೇನು, ಕಲ್ಲು ಕ್ವಾರಿ?"

"ಸಿಡಿಮದ್ದಿನ ಗೋದಾಮು ಇದ್ದಾಗ ಕೆಂಪು ಮಾಡಿದ್ದು ಸಾರ್. ಗೋದಾಮು ಹೋಗಿ ಒಂದು ವರ್ಷ ಆಯ್ತು."

"ಹಾಗಾದ್ರೆ ಕಲ್ಲಿಗೆ ಯಾಕೆ ಕ್ಷಿಪಣಿ? ತೆಗಿ."

"ಜಾಗ ಕಣ್ಣಾರೆ ನೋಡಿದವರು ಯಾರಾದ್ರೂ ಸಹಿ ಹಾಕ್ಬೇಕು ಸಾರ್, ಅಲ್ಲಿ ಜನ ಇಲ್ಲ ಅಂತ."

ಸಾಹೇಬ ಕಣ್ಣಾರೆ ನೋಡಿದ ಜಾಗ ಕ್ಲಬ್ ಒಂದೇ. ಅವನು ಸುತ್ತ ನೋಡಿದ, ನೋಡುತ್ತಾ ನೋಡುತ್ತಾ ಡ್ರೈವರಿನ ಮುಖದ ಮೇಲೆ ಕಣ್ಣು ನಿಲ್ಲಿಸಿದ. ಎರಡು ವರ್ಷದಲ್ಲಿ ಮೊದಲ ಬಾರಿಗೆ, ಮನುಷ್ಯರನ್ನು ಮಾತಾಡಿಸುವ ಹಾಗೆ ಕೇಳಿದ. "ದಾರಿಯೆಲ್ಲ ಗೊತ್ತಿರೋನು ನೀನು. ಹೇಳಪ್ಪಾ, ಕ್ವಾರಿ ಹತ್ರ ಯಾರಾದ್ರೂ ಇದಾರಾ?"

ಇದ್ದರು. ಹತ್ತು ದಿನದ ಹಿಂದೆ ರೇಡಿಯೇಟರಿಗೆ ನೀರು ಬೇಕಾಗಿ ಡ್ರೈವರ್ ಅಲ್ಲಿ ನಿಲ್ಲಿಸಿದ್ದ. ಜಲ್ಲಿ ಒಡೆಯುವವರ ನಲವತ್ತು ಗುಡಿಸಲು. ಒಂದು ಮುದುಕಿ ಎರಡು ಕೊಡ ನೀರು ಹೊತ್ತು ತಂದು ಕೊಟ್ಟು, "ನಿಮ್ಮ ಲಾರಿ ಇರೋದಕ್ಕೆ ನಾವು ರಾತ್ರಿ ನಿದ್ದೆ ಮಾಡ್ತೀವಿ ಮಗಾ," ಅಂದಿದ್ದಳು. ಕೈತುಂಬ ಬೊಬ್ಬೆ ಎದ್ದ ಮುದುಕಿ. ಇದ್ದಾರೆ ಅಂದರೆ ಸಾಹೇಬ ತಲೆಕೆರೆದುಕೊಂಡು, ಸುಲಭದ ದಾರಿ ಹುಡುಕಿ, ಈ ವರದಿಯನ್ನೇ ಹರಿದುಹಾಕಿ ಇಟ್ಟಿಗೆ ಗೂಡನ್ನು ಮತ್ತೆ ಬೂದು ಬಣ್ಣಕ್ಕೆ ಬಿಡುತ್ತಾನೆ. ಎಮ್ಮೆ ಸಂಜೆಯೊಳಗೆ ಸರ್ಕಲ್ಲಿಗೆ ಹೋಗಲೇಬೇಕು. ಮನೆಯೊಳಗಿನಿಂದ ಅಕ್ಕ ಭಾವನಿಗೆ ಏನೋ ಗದರುತ್ತಿದ್ದದ್ದು ಕೇಳುತ್ತಿತ್ತು.

"ಯಾರೂ ಇಲ್ಲ ಸಾರ್," ಅಂದ ಡ್ರೈವರ್. "ಬರೀ ಕಲ್ಲು."

"ನಿಜವಾಗ್ಲೂ ಅಣ್ಣಾ?" ಅಂದಳು ಹುಡುಗಿ.

"ನಾನೇ ನೋಡಿದೀನಲ್ಲಮ್ಮ."

ಸಹಿ ಹಾಕಿದ. ಸಾಹೇಬ ಅವನ ಬೆನ್ನು ತಟ್ಟಿ, "ಕೆಲಸ ಗೊತ್ತಿರೋ ಮನುಷ್ಯ ಕಣಯ್ಯಾ ನೀನು," ಅಂದ. ಆ ಕೈ ಬಿದ್ದ ಜಾಗ ಡ್ರೈವರಿಗೆ ತುರಿಸಿತು. ಹೋಗಿ ನಟ್ಟು ಬಿಗಿ ಮಾಡಿ, ಪೈಪಿನ ಗಾಳಿ ತೆಗೆದು, ಎಮ್ಮೆಯನ್ನು ಎಬ್ಬಿಸಿದ.

ಮಂತ್ರಿ ಬರುವ ಹೊತ್ತಾಯಿತು, ಹತ್ತಿರದ ದಾರಿಯಲ್ಲಿ ಹೋಗೋಣ ಅಂತ ಸಾಹೇಬ ಜೀಪಿನಲ್ಲಿ ಮುಂದೆ ಹೊರಟ. ಹತ್ತಿರದ ದಾರಿ ಅಂದರೆ ಕ್ವಾರಿಯ ದಾರಿ. ಬೇರೆ ದಾರಿ ಹಿಡಿಯೋಣ ಅನ್ನುವುದಕ್ಕೆ ಡ್ರೈವರಿಗೆ ಯಾವ ನೆಪವೂ ಉಳಿದಿರಲಿಲ್ಲ. ತಿರುವು ದಾಟುತ್ತಲೇ ಜಲ್ಲಿಯ ರಾಶಿಗಳು ಕಂಡವು, ರಾಶಿಗಳ ಆಚೆ ಗುಡಿಸಲು. ಎಮ್ಮೆಯ ಸದ್ದು ಕೇಳಿ ಜನ ಸುತ್ತಿಗೆ ಕೆಳಗಿಟ್ಟು ರಸ್ತೆಯ ಬದಿಗೆ ಬಂದರು. ಆಕಾಶದಲ್ಲಿ ರಾಕೆಟ್ ಒಡೆದದ್ದನ್ನು ಅವರೂ ನೋಡಿದ್ದರು. ಹೆಂಗಸರು, ಗಂಡಸರು, ಸೊಂಟದ ಮೇಲಿನ ಮಕ್ಕಳು, ಎಲ್ಲರೂ ಲಾರಿಗೆ ಕೈಬೀಸುತ್ತಿದ್ದರು. ಮುದುಕಿ ಇವನ ಗುರುತು ಹಿಡಿದು ಎರಡೂ ಕೈ ಎತ್ತಿದಳು. ಸಾಹೇಬನ ಜೀಪು ಅವರ ನಡುವೆಯೇ ಹಾದುಹೋಯಿತು, ವೇಗ ಸಹ ತಗ್ಗಿಸಲಿಲ್ಲ.

ವಾಕಿಟಾಕಿ ಕರಕರ ಅಂದಿತು. ಹಿಂದಿನ ವ್ಯಾನಿನಿಂದ ಹುಡುಗಿಯ ದನಿ.

"ಅಣ್ಣಾ, ಇಲ್ಲಿ ಇಷ್ಟೊಂದು ಜನ ಇದಾರಲ್ಲ?"

ಜೀಪಿನಲ್ಲಿ ಸಾಹೇಬನೂ ಕೇಳಿಸಿಕೊಳ್ಳುತ್ತಿದ್ದ. ಡ್ರೈವರ್ ಗುಂಡಿ ಒತ್ತಿದ. ತಾನು ಬಾಯಿ ತೆರೆದರೆ ಏನು ಬರುತ್ತದೆ ಅಂತ ಅವನಿಗೇ ಗೊತ್ತಿರಲಿಲ್ಲ.

"ಇವತ್ತು ಬಂದಿರಬೇಕು ಕಣಮ್ಮಾ," ಅಂದ.

ಮುದುಕಿಯ ಮುಖ ಕಿಟಕಿಯ ಪಕ್ಕದಲ್ಲೇ ಹಾದು ಹಿಂದೆ ಹೋಯಿತು. ಅವನಿಗೆ ತನ್ನ ಬಾಯಿಯ ಮೇಲೇ ಹೇಸಿಗೆಯಾಯಿತು, ಉಗಿಯೋಣವೆಂದರೆ ಉಗುಳೂ ಇರಲಿಲ್ಲ. ಏರು ಬಂತು, ಗೇರ್ ಬದಲಾಯಿಸಿ ಜೀಪಿನ ಹಿಂದೆಯೇ ಹೋದ.